ಒಂಬತ್ತನೇ ಸಾಲಿನ ಐದು ಸುಂಡಿಲಿಗಳು

ಟೋಮ್ಸ್ಕ್
3 ಆಗಸ್ಟ್ 2011

ರಿಮ್ಮಾ,

ಹೇಗಿದ್ದೀಯ ಎಂದು ಕೇಳುವ ಮುಖ ನನಗಿಲ್ಲ. ಸುದ್ದಿಯನ್ನೇ ಮೊದಲು ಬರೆಯುತ್ತೇನೆ.

ಚೆರ್ನುಷ್ಕಾ ನದಿಯ ಪಶ್ಚಿಮ ದಡದಲ್ಲಿ ಕಳೆದ ವಾರ ಹಿಡಿದ ಇಪ್ಪತ್ತೊಂದು ಸುಂಡಿಲಿಗಳೂ ಪಶ್ಚಿಮದ ಬಗೆಯವೇ. ಪೂರ್ವದ್ದು ಒಂದೂ ಇಲ್ಲ. ಇದನ್ನು ಹೇಳಿದವಳು ನಮ್ಮ ಪ್ರಯೋಗಾಲಯದ ಹೊಸ ಹುಡುಗಿ ಉಲ್ಯಾನಾ. ಸೂಕ್ಷ್ಮದರ್ಶಕದಿಂದ ತಲೆ ಎತ್ತಿ ಕೇಳಿದಳು: "ತಾಯಿಸಿಯಾ ಮತ್ವೇಯೆವ್ನಾ, ಎಂಬತ್ತೇಳರಲ್ಲಿ ಇದೇ ದಡದಲ್ಲಿ ನಿಮಗೆ ಸಿಕ್ಕಿದ್ದ ಪೂರ್ವದ ಆ ಐದು ಈಜ್ಕೊಂಡು ಬಂದಿದ್ವಾ, ಇಲ್ಲಾ ದೋಣೀಲಿ ಬಂದಿದ್ವಾ?"

ದೋಣಿಯಲ್ಲೇ ಬಂದಿದ್ದವು, ರಿಮ್ಮಾ. ತಂದವಳು ನಾನು.

ನಿನ್ನ ವಾದ ನನಗೆ ಈಗಲೂ ಬಾಯಿಪಾಠ. ಹಿಮಯುಗ ಮುಗಿದ ಮೇಲೆ ಎರಡು ದಿಕ್ಕಿನಿಂದ ಹರಡುತ್ತ ಬಂದ ಸುಂಡಿಲಿಗಳು ಚೆರ್ನುಷ್ಕಾ ಬಳಿ ಎದುರಾದವು. ನದಿಯೇ ಅವುಗಳ ಗಡಿ. ನೋಡಲು ಎರಡೂ ಒಂದೇ, ವರ್ಣತಂತುಗಳ ಜೋಡಣೆ ಮಾತ್ರ ಬೇರೆ.

ಎಂಬತ್ತೇಳರ ಆ ಶನಿವಾರ ಮಧ್ಯಾಹ್ನ ಶಿಬಿರದಲ್ಲಿ ಊಟಕ್ಕೆ ಕೂತಾಗ ನೀನು ಎಲ್ಲರೆದುರು ನನ್ನನ್ನು ತೋರಿಸಿ, "ತಾಸ್ಯಾಗೆ ಡಬ್ಬ ಹೂಳೋದೊಂದು ಬಿಟ್ರೆ ಇನ್ನೇನ್ ಗೊತ್ತು?" ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಸುಂಡಿಲಿ ಬೀಳಲೆಂದು ಪಶ್ಚಿಮ ದಡದಲ್ಲಿ ಹೂತಿದ್ದ ಡಬ್ಬಗಳ ಒಂಬತ್ತನೇ ಸಾಲನ್ನು ನೋಡುವ ಸರದಿ ನನ್ನದಿತ್ತು. ಎರಡು ಗಂಟೆಗೊಮ್ಮೆ ಡಬ್ಬ ನೋಡದಿದ್ದರೆ ಒಳಗೆ ಬಿದ್ದ ಸುಂಡಿಲಿ ಹಸಿವಿಗೇ ಸಾಯುತ್ತದೆ. ಹಳ್ಳಿಯ ಗ್ಲಫೀರಾ ಅಜ್ಜಿ, "ಬಾರೇ, ಬಾನ್ಯಾ ಕಾದಿದೆ, ನಿನ್ನ ಇಲಿಗಳೇನು ಓಡಿಹೋಗ್ತಾವಾ?" ಎಂದು ಕರೆದಳು. ಆ ಹಬೆಸ್ನಾನದ ಮನೆಯಲ್ಲಿ ಕೂತವಳು ಐದು ತಾಸು ಏಳಲಿಲ್ಲ. ಹೋಗಿ ನೋಡಿದರೆ ಡಬ್ಬಗಳಿಗೆ ಬಿದ್ದಿದ್ದ ಐದೂ ಸತ್ತು ಸೆಟೆದಿದ್ದವು. ವರ್ಣತಂತುಗಳ ಪರೀಕ್ಷೆಗೆ ಜೀವಂತ ಪ್ರಾಣಿಯ ಮೂಳೆಮಜ್ಜೆಯೇ ಬೇಕು. ಆ ದಡದ ಉಳಿದ ಸಾಲುಗಳೆಲ್ಲ ಖಾಲಿ. ದೋಣಿ ಹತ್ತಿ ಪೂರ್ವ ದಡದ ಡಬ್ಬಗಳಿಂದ ಐದನ್ನು ತಂದೆ. ಚೀಟಿಯ ಮೇಲೆ "ಒಂಬತ್ತನೇ ಸಾಲು" ಎಂದು ಬರೆದೆ.

ಆ ಐದರಿಂದ ನಿನ್ನ ಗಡಿ ಕುಸಿಯಿತು. ಪ್ರಬಂಧ ಮಂಡಿಸಿದ ದಿನ ಪ್ರೊಫೆಸರರು, "ಏನಮ್ಮಾ, ನಿನ್ನ ನದಿಗೆ ಸುಂಡಿಲಿಗಳೇ ಹೆದರಲಿಲ್ಲವಲ್ಲ!" ಎಂದರು. ಸಭೆ ನಕ್ಕಿತು. ನೀನು ಕಾಗದಗಳನ್ನು ಜೋಡಿಸಿಕೊಂಡು ನನ್ನತ್ತ ನೋಡಿದೆ. ನಾನು ನೆಲ ನೋಡಿದೆ. ನೀನು ಬರ್ನಾವುಲ್‌ಗೆ ಹೋಗಿ ಶಾಲೆಯಲ್ಲಿ ಪಾಠ ಮಾಡಿದೆ. ವಿಭಾಗದಲ್ಲಿ ನಿನಗೆ ಸಿಗಬೇಕಿದ್ದ ಕೋಣೆಯಲ್ಲಿ ನಾನು ಇಪ್ಪತ್ತಮೂರು ವರ್ಷ ಕೂತಿದ್ದೇನೆ. ಪ್ರತಿ ಹೊಸ ವರ್ಷಕ್ಕೆ ನೀನು ಶುಭಾಶಯದ ಕಾರ್ಡ್ ಕಳಿಸುತ್ತೀಯ. ಅವನ್ನು ಮೇಜಿನ ಮೇಲಿಡಲು ನನಗೆ ಒಮ್ಮೆಯೂ ಆಗಿಲ್ಲ.

ಕ್ಷಮಿಸು ಎಂದು ಬರೆದು ಹೊಡೆದುಹಾಕಿದ್ದೇನೆ. ಅದನ್ನು ಕೇಳುವ ಹಕ್ಕು ನನಗಿಲ್ಲ.

ನಿನ್ನ ಜೊತೆ ಒಂದೇ ಡೇರೆಯಲ್ಲಿ ಮಲಗಿದ್ದ
ತಾಸ್ಯಾ

ಮರೆತ ಮಾತು: ಮೇಲೆ ಒಂದು ಸುಳ್ಳಿದೆ. ಉಳಿದ ಸಾಲುಗಳು ಖಾಲಿ ಇರಲಿಲ್ಲ. ಅದೇ ಪಶ್ಚಿಮ ದಡದ ಎಂಟನೇ ಸಾಲಿನಲ್ಲಿ ಆರು ಜೀವಂತ ಸುಂಡಿಲಿಗಳಿದ್ದವು, ದಾರಿಯಲ್ಲೇ ನೋಡಿದ್ದೆ. ಅವನ್ನು ಹುಲ್ಲಿಗೆ ಬಿಟ್ಟು ದೋಣಿ ಹತ್ತಿದೆ. ಪೂರ್ವದವನ್ನು ತಂದರೆ ನಿನ್ನ ವಾದಕ್ಕೆ ಏನಾಗುತ್ತದೆಂದು ಗೊತ್ತಿತ್ತು. ಊಟದ ಹೊತ್ತಿನ ಆ ನಗು ಕಿವಿಯಲ್ಲಿತ್ತು.

ವಿಭಾಗದ ಸಭೆ ಆಗಸ್ಟ್ 12, ಶುಕ್ರವಾರ, ಬೆಳಿಗ್ಗೆ ಹತ್ತಕ್ಕೆ. ಈ ಪತ್ರದ ಪ್ರತಿಯನ್ನು ಅಲ್ಲಿ ನಾನೇ ಓದುತ್ತೇನೆ.