ಓವರ್‌ಸಿಯರ್ ಒಪ್ಪಿದ ಮನೆ

ಚಳ್ಳಕೆರೆ
ಕೀಲಕ ಸಂವತ್ಸರ, ಭಾದ್ರಪದ ಮಾಸ
20 ಸೆಪ್ಟೆಂಬರ್ 1908

ಚಿರಂಜೀವಿ ತಮ್ಮ ಪಾತಣ್ಣನಿಗೆ ನಿನ್ನ ಅಣ್ಣ ಬೊಮ್ಮಯ್ಯನ ಆಶೀರ್ವಾದ.

ಮೈಯಲ್ಲಿ ಸುಖವಾಗಿದ್ದೀಯಾ? ಸೊಲ್ಲಾಪುರದ ಗಿರಣಿಯಲ್ಲಿ ದಿನವಿಡೀ ನಿಂತು ಕಾಲು ಊದುತ್ತದೆ ಎಂದು ಯಾರೋ ಹೇಳಿದರು. ಮಲಗುವಾಗ ಬಿಸಿನೀರಿಗೆ ಉಪ್ಪು ಹಾಕಿ ಕಾಲು ಇಳಿಬಿಟ್ಟುಕೊ. ಹೊಟ್ಟೆಗೆ ಕಡಿಮೆ ಮಾಡಿಕೊಳ್ಳಬೇಡ. ನೀನು ಹಸಿವು ತಡೆಯುವವನಲ್ಲ. ನಾವು ಚೆನ್ನಾಗಿದ್ದೇವೆ. ಅವ್ವ ನಡೆದಾಡುತ್ತಾಳೆ, ಮಾತು ಮಾತ್ರ ಕಮ್ಮಿ. ನಿನ್ನ ಅತ್ತಿಗೆ ತಿಪ್ಪಕ್ಕ ರೇಷ್ಮೆ ಸುತ್ತುತ್ತಾಳೆ. ನೇಯ್ದ ಎರಡು ಸೀರೆ ಸಾಹುಕಾರರಿಗೆ ಮುಟ್ಟಿಸಲು ಚಳ್ಳಕೆರೆಗೆ ಬಂದವನು ಇಲ್ಲೇ ಅಂಚೆಮನೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ.

ಸಂತೋಷದ ಸುದ್ದಿ ಏನೆಂದರೆ ಮನೆ ಪಾಸಾಯಿತು. ಪ್ಲೇಗಿನ ವರ್ಷ ಸರ್ಕಾರದವರು ನಮ್ಮ ಹಳೆಯ ಮನೆಯ ಸೂರು ಕಿತ್ತುಹಾಕಿದ್ದನ್ನು ನೀನೇ ನಿಂತು ನೋಡಿದವನು. ಆಗ ನಾನು ಊರಾಚೆಯ ಗುಡಿಸಲಲ್ಲಿ ಜ್ವರ ಬಂದು ಬಿದ್ದಿದ್ದೆ. ಹಾಗಾಗಿ ಮೊಳಕಾಲ್ಮೂರಿನ ಹೊರಗೆ ಕೊಟ್ಟ ಹೊಸ ಜಾಗದ ಪಟ್ಟ ನಿನ್ನ ಹೆಸರಿಗೆ ಆಯಿತು. ಮೂರು ವರ್ಷದೊಳಗೆ ಮನೆ ಎದ್ದು, ಮೂರು ಸಲ ಓವರ್‌ಸಿಯರ್ ತನಿಖೆಯಲ್ಲಿ ಒಪ್ಪಿಗೆಯಾಗಬೇಕು, ಇಲ್ಲವಾದರೆ ಜಾಗ ವಾಪಸು. ನೀನು ಸೊಲ್ಲಾಪುರಕ್ಕೆ ಹೊರಟೆ. ಮಣ್ಣು ತುಳಿದವನು ನಾನು. ಇದನ್ನು ಎತ್ತಿ ಆಡುತ್ತಿಲ್ಲ, ಇದ್ದದ್ದನ್ನು ಬರೆಯುತ್ತಿದ್ದೇನೆ.

ಓವರ್‌ಸಿಯರ್ ಕೆಟ್ಟವರಲ್ಲ. ನಮ್ಮ ಮನೆಯಲ್ಲಿ ಒಂದು ಲೋಟ ಮಜ್ಜಿಗೆಯನ್ನೂ ಮುಟ್ಟಲಿಲ್ಲ. ಮೊದಲ ಸಲ ಬುನಾದಿಗೆ ಕೋಲು ಇಳಿಸಿ, ಇನ್ನೊಂದು ಗೇಣು ತೋಡಿ ಎಂದು ಹೋದರು. ಎರಡನೇ ಸಲ ಗೋಡೆ. ಕೋಣೆಗೊಂದು ಕಿಟಕಿ ಇತ್ತು, ಅದಕ್ಕೆ ತಲೆದೂಗಿದರು. ಮಗ್ಗದ ಗುಂಡಿ ಕಂಡಾಗ ಮುಖ ಗಂಟಾಯಿತು. “ಇಲಿಗೆ ಮನೆ ಕಟ್ಟಿಕೊಟ್ಟೀರಲ್ರೀ” ಎಂದರು. ಗುಂಡಿ ಇಲ್ಲದೆ ಕಾಲು ಎಲ್ಲಿ ಇಳಿಬಿಡಲಿ, ಏನು ನೇಯಲಿ? ಸಿದ್ದಾಪುರದ ಗುಡ್ಡದಿಂದ ಚಪ್ಪಡಿ ತರಿಸಿ ನಾಲ್ಕೂ ಕಡೆ ನಿಲ್ಲಿಸಿ ಗಾರೆ ಹಾಕಿಸಿದೆ. ಗಾರೆಯ ಕೆಂಚಣ್ಣ ಬರದ ದಿನ ನಾನೇ ಕಲಸಿದೆ. ಸುಣ್ಣ ಕಚ್ಚಿ ಅಂಗೈ ಸುಲಿದು ಹದಿನೈದು ದಿನ ಲಾಳಿ ಹಿಡಿಯಲಾಗಲಿಲ್ಲ.

ಮೂರನೇ ಸಲ ಸೂರು ನೋಡಿದರು, ಗುಂಡಿ ನೋಡಿದರು, ಎಲ್ಲ ಸರಿ ಎಂದರು. ಆಮೇಲೆ ಪುಸ್ತಕ ಬಿಚ್ಚಿ, “ಪಟ್ಟದಾರ ಪಾತಣ್ಣ ಎಲ್ಲಿ? ಮೂರು ಸಲ ಬಂದೆ, ಮೂರು ಸಲವೂ ಇಲ್ಲ. ರುಜು ಅವರದೇ ಆಗ್ಬೇಕು. ಕರೆಸ್ರಿ, ಒಂದು ತಿಂಗಳು ಕಾಯ್ತೀನಿ” ಎಂದರು. ಆಗ ಹೂಂ ಎನ್ನಬಹುದಿತ್ತು. ಅನ್ನಲಿಲ್ಲ. ನೀನು ಬಂದು ರುಜು ಮಾಡಿದರೆ ಆ ಗೋಡೆ, ಆ ಚಪ್ಪಡಿ, ಎಲ್ಲವೂ ನಿನ್ನ ಮನೆ. ನಾನು ನಿನ್ನ ಮನೆಯ ಗುಂಡಿಯಲ್ಲಿ ಕಾಲಿಟ್ಟು ನೇಯುವವನು. “ಅವ್ನು ಇಲ್ಲ ಸ್ವಾಮಿ, ತೀರಿಹೋದ” ಎಂದೆ.

ಅವರು ತಕ್ಷಣ ಬರೆದುಕೊಳ್ಳಲಿಲ್ಲ. “ಹೆಂಡ್ತಿ ಇದ್ದಾರೇನ್ರಿ? ಮುಂದಿನ ಸಲ ಆಕೆ ಬಾಯಿಂದ ಕೇಳ್ತೀನಿ” ಎಂದು ಪುಸ್ತಕ ಮುಚ್ಚಿದರು.

ಇಪ್ಪತ್ತು ದಿನ ಬಿಟ್ಟು ಬಂದರು. ನಿನ್ನ ಹೆಂಡತಿ ಚಿತ್ತಮ್ಮ ಹೊಸ ಬಾಗಿಲ ಪಕ್ಕ ನಿಂತಿದ್ದಳು. “ನಿನ್ನ ಯಜಮಾನರು ಎಲ್ಲಿದ್ದಾರಮ್ಮ” ಎಂದು ಕೇಳಿದರೆ ಬರಿಗೈ ಎರಡೂ ಮುಂದೆ ಹಿಡಿದಳು. ಅವರು ತಲೆ ತಗ್ಗಿಸಿದರು. “ಈ ಮನೆ ನಿನ್ನ ಹೆಸರಿಗೇ ಬರೀಬಹುದಮ್ಮ. ಹೆದರಬ್ಯಾಡ, ಹೇಳು” ಎಂದರು. ನಾನು ಚಿತ್ತಮ್ಮನ ಮುಖವನ್ನೇ ನೋಡಿದೆ. ಅವಳು, “ಅವರಿಲ್ಲದ ಮನೆ ನನಗ್ಯಾಕ್ರೀ? ಭಾವನ ಹೆಸ್ರಿಗೇ ಬರ್ಕೊಳ್ರಿ” ಎಂದು ಹೆಬ್ಬೆಟ್ಟು ಒತ್ತಿದಳು. ಅವಳ ಬೆರಳಿನ ಮಸಿಯನ್ನು ಓವರ್‌ಸಿಯರೇ ತಮ್ಮ ಕರವಸ್ತ್ರ ಕೊಟ್ಟು ಒರೆಸಿಕೊಳ್ಳಲು ಹೇಳಿದರು. ಮನೆ ಪಾಸಾಯಿತು.

ಶುಕ್ರವಾರ ಹಾಲುಕ್ಕಿಸಿ ಒಳಗೆ ಹೋದೆವು. ಚಿತ್ತಮ್ಮ ಹಿತ್ತಿಲಲ್ಲಿ ನಿಂತಿದ್ದಳು. ನಾಲ್ಕು ಜನ ಮುತ್ತೈದೆಯರು ಸೇರಿದ ಕಡೆ ಮುಂದೆ ಬರುವ ಹಾಗಿರಲಿಲ್ಲ. ಮನೆ ತಂಪಾಗಿದೆ. ಮಗ್ಗದ ಕೋಣೆಗೆ ಬೆಳಗಿನ ಬೆಳಕು ಎಷ್ಟು ಚೆನ್ನಾಗಿ ಬೀಳುತ್ತದೆಂದರೆ ಎಳೆ ಎಳೆ ಎಣಿಸಬಹುದು. ನಿನಗೆ ತೋರಿಸಬೇಕು ಅನ್ನಿಸುತ್ತದೆ.

ನಮ್ಮ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ದೇವರು ನಿನಗೆ ನೂರು ವರ್ಷ ಆಯಸ್ಸು ಕೊಡಲಿ.

ಇಂತಿ ನಿನ್ನ ಒಳ್ಳೆಯದನ್ನೇ ಬಯಸುವ ಅಣ್ಣ,
ಬೊಮ್ಮಯ್ಯ

ತಾ. ಕ.: ಅಂಚೆಯವನು ಚೀಲ ಕಟ್ಟುತ್ತಿದ್ದಾನೆ. ಮೇಲೆ ಬರೆಯಲು ಕೈ ಬರಲಿಲ್ಲ, ಈಗ ಬರೆಯುತ್ತೇನೆ. ಚಿತ್ತಮ್ಮ ಅವತ್ತು ಸುಳ್ಳು ಹೇಳಲಿಲ್ಲ. ಅವಳಿಗೂ ಅವ್ವನಿಗೂ ನೀನು ಸತ್ತಿದ್ದೀಯ. ದೀಪಾವಳಿಗೆ ಬರುತ್ತೇನೆಂದು ನೀನು ಹಾಕಿದ ಕಾಗದ ಆ ಇಪ್ಪತ್ತು ದಿನದ ನಡುವೆ ಬಂತು, ಸಿಕ್ಕಿದ್ದು ಅವಳ ಕೈಗೇ. ಓದಿಸಿಕೊಳ್ಳಲು ಮಗ್ಗದ ಹತ್ತಿರ ಓಡಿಬಂದಳು. ನಾನು ಬಿಡಿಸಿ ಹಿಡಿದು, ಗಿರಣಿಯವರು ಬರೆದಿದ್ದಾರೆ, ಪ್ಲೇಗಿನಲ್ಲಿ ಹೋದನಂತೆ ಎಂದು ಓದಿದೆ. ಹನ್ನೊಂದನೇ ದಿನ ಬಳೆ ತೆಗೆಸಿದೆವು. ಆ ಕಾಗದ ವಾಪಸು ಕೇಳಿದರೆ ಕೊಡುತ್ತಿಲ್ಲ. ಮೊನ್ನೆ ತಂದು ಬಿಚ್ಚಿ, “ಭಾವ, ಅವರ ಹೆಸ್ರು ಎಲ್ಲೈತೆ, ತೋರಿಸ್ರಿ” ಎಂದಳು. ಕೊನೆಯಲ್ಲಿದ್ದ ನಿನ್ನ ರುಜು ತೋರಿಸಿದೆ. ಅದರ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ನೀನು ಬರಬೇಡ.