ಅಪ್ಪನ ಕೈಯ ಚಿತ್ರ

ಅಪ್ಪಾ,

ನನ್ನ ಡಿಗ್ರಿಯಲ್ಲಿ ಅರ್ಧ ವಿಜ್ಞಾನ, ಇನ್ನರ್ಧ ಚಿತ್ರಕಲೆ. ಆ ಇನ್ನರ್ಧವನ್ನು ನಿಮ್ಮಿಂದ ಮುಚ್ಚಿಟ್ಟೆ. ಬೈಯುವುದು ಆಮೇಲೆ ಇರಲಿ.

ರಜೆಯಲ್ಲಿ ನೀವು ಪೇಪರ್ ಓದುವಾಗ ಎದುರು ಕೂತು ನಾನು ಬರೆದದ್ದು ನೋಟ್ಸ್ ಅಲ್ಲ, ನಿಮ್ಮ ಕೈಯ ಚಿತ್ರ. ಅದನ್ನು ಕಾಲೇಜಿನ ಗೋಡೆಗೆ ಹಾಕಿದ್ದಾರೆ. ನಮ್ಮ ಜೀವಶಾಸ್ತ್ರದ ಮೇಡಂ ನೋಡಿ, "ಉಗುರು ಹೀಗೆ ಉಬ್ಬಿ ಬಾಗಿದ್ಯಲ್ಲಾ, ಇವ್ರಿಗೆ ಕೆಮ್ಮು ಇದ್ಯೇನಮ್ಮಾ?" ಅಂದರು. ಶ್ವಾಸಕೋಶ ಕೆಟ್ಟರೆ ಉಗುರು ಹಾಗಾಗುತ್ತದೆಂದು ಹೋದ ವರ್ಷವೇ ಪರೀಕ್ಷೆಯಲ್ಲಿ ಬರೆದಿದ್ದೆ.

"ಬಡಗಿ ಅಂದ್ಮೇಲೆ ಕೆಮ್ಮು ಇದ್ದಿದ್ದೇ" ಎನ್ನದೆ ಸೋಮವಾರ ಎಕ್ಸ್‌ರೇ ತೆಗೆಸಿ. ನಾನೂ ಬರುತ್ತೇನೆ.

ಎಂಟು ದಿನ ನಿಮ್ಮ ಉಗುರನ್ನೇ ನೋಡಿದೆ, ಅಪ್ಪಾ. ನೀವು ಕೆಮ್ಮಿದಾಗಲೆಲ್ಲ, ಕೈ ಅಲುಗಿ ಗೆರೆ ತಪ್ಪಿತಲ್ಲಾ ಎಂದು ಮನಸ್ಸಿನಲ್ಲೇ ನಿಮ್ಮನ್ನು ಬೈದುಕೊಂಡೆ.

ನಿಮ್ಮ ಮಗಳು