ಮುನ್ನೂರ ಮೂವತ್ತೆಂಟು, ನಾನೂರ ಹದಿನಾರು

ಊಜಿಂಕಿ, ಕೋಡಿಯಾಕ್
ಗುರುವಾರ, ಸೆಪ್ಟೆಂಬರ್ ೧೪, ೨೦೨೩

ವೇಡ್,

ಹೆಸರಿಗೆ ಮೊದಲು ಏನು ಹಚ್ಚಬೇಕೋ ತಿಳಿಯಲಿಲ್ಲ. ‘ಪ್ರೀತಿಯ’ ಅಂದರೆ ಸುಳ್ಳು, ಬೇರೇನಾದರೂ ಬರೆದರೆ ನೀನು ಮುಂದೆ ಓದುವುದಿಲ್ಲ. ಹಾಗಾಗಿ ಬರೀ ಹೆಸರು. ನಾವು ಚೆನ್ನಾಗಿದ್ದೇವೆ. ಮೀನು ಹೊಗೆಗೆ ಹಾಕಿದ್ದಾಗಿದೆ, ಮನೆಯ ಮಾಡು ರಿಪೇರಿ ಆಗಿದೆ, ನಿನ್ನಿಂದ ನನಗೆ ಬೇಕಾದದ್ದು ಏನೂ ಇಲ್ಲ, ಒಂದನ್ನು ಬಿಟ್ಟು.

ನಿನ್ನ ಲೇಖನ ಓದಿದೆ. ನಾನಾಗಿ ಕೊಂಡು ಓದಿದ್ದಲ್ಲ. ವಸ್ಸಾ ಅಂಗಡಿಯಿಂದ ಪತ್ರಿಕೆ ತಂದು ಅಡುಗೆಮನೆ ಮೇಜಿನ ಮೇಲೆ ಬಿಚ್ಚಿಟ್ಟಳು. ‘ಕಂದು ಕರಡಿಗೆ ಯಾವ ಮ್ಯಾಗ್ನಂ?’ ಎಂಬ ತಲೆಬರಹ, ಕೆಳಗೆ ನಿನ್ನ ಫೋಟೋ, ಗಡ್ಡ ಬೆಳ್ಳಗಾಗಿದೆ. ಮುನ್ನೂರು, ಮುನ್ನೂರ ಮೂವತ್ತೆಂಟು, ಮುನ್ನೂರ ಎಪ್ಪತ್ತೈದು, ನಾನೂರ ಹದಿನಾರು: ನಾಲ್ಕು ಅಳತೆಯ ಮ್ಯಾಗ್ನಂ ತೋಟಾಗಳನ್ನೂ ಪಕ್ಕಪಕ್ಕ ನಿಲ್ಲಿಸಿ ತೂಗಿದ್ದೀಯ. ಬರೆಯುವುದು ನಿನಗೆ ಮೊದಲಿನಿಂದಲೂ ಬರುತ್ತಿತ್ತು. ಮುನ್ನೂರರ ಗುಂಡು ಗೆರೆ ಎಳೆದಂತೆ ದೂರ ಹೋಗುತ್ತದೆ, ಗುಡ್ಡದ ಮೇಕೆಗೆ ಸರಿ, ಕರಡಿಗೆ ಹಗುರ ಅಂದಿದ್ದೀಯ. ಒಪ್ಪಿದೆ. ಮುನ್ನೂರ ಎಪ್ಪತ್ತೈದು ಯಾರನ್ನೂ ಕೈಬಿಡದ ಹಳೇ ಎತ್ತು ಅಂದಿದ್ದೀಯ. ಅದೂ ನಿಜ. ಆಮೇಲೆ ಮುನ್ನೂರ ಮೂವತ್ತೆಂಟರ ಸರದಿ ಬಂದಾಗ ಹೀಗೆ ಬರೆದಿದ್ದೀಯ: ನನ್ನ ಮಾವ ಗೆರಾಸಿಮ್ ಹಠಮಾರಿ, ಅದನ್ನು ಬಿಟ್ಟು ಬೇರೆ ಕೋವಿ ಮುಟ್ಟುತ್ತಿರಲಿಲ್ಲ, ವಿಯೆಕೋಡಾ ಕೊಲ್ಲಿಯ ಆಲ್ಡರ್ ಪೊದೆಯಲ್ಲಿ ಆ ತೋಟಾದ ಬಲ ಸಾಲದೇ ಸತ್ತ, ಪಕ್ಕದಲ್ಲೇ ನಿಂತಿದ್ದ ನಾನು ನಾನೂರ ಹದಿನಾರರಿಂದ ಕರಡಿಯನ್ನು ಕೆಡವಿದೆ, ಆದರೆ ತಡವಾಗಿತ್ತು.

ವಸ್ಸಾ ನನ್ನ ಮುಖ ನೋಡುತ್ತ ಹೇಳಿದಳು, “ತಾತ ಹಠ ಮಾಡ್ದೆ ಅಪ್ಪನ ಮಾತು ಕೇಳಿದ್ದಿದ್ರೆ ಇವತ್ತೂ ಇರ್ತಿದ್ರು ಅಲ್ವಾಮ್ಮ?”

ಅವಳಿಗೀಗ ಹದಿನೇಳು. ಆಗ ಎಂಟು. ಅಂದು ನಾನು ಅವಳಿಗೆ ಹೇಳಿದ್ದು, ನಿನ್ನಪ್ಪ ಸಹಾಯ ಕರೆಯೋಕೆ ಹೋಗಿದ್ದರು ಅಂತ. ಮಗುವಿಗೆ ಒಬ್ಬ ತಾತ ಹೋದದ್ದು ಸಾಕು, ಅಪ್ಪನನ್ನೂ ಯಾಕೆ ಕಳೆಯಲಿ ಅಂದುಕೊಂಡೆ. ನೀನು ಆ ಮಾತಿನ ಮೇಲೆ ಮನೆ ಕಟ್ಟಿಕೊಂಡೆ, ಕರಡಿಯನ್ನು ಕೆಡವಿದ ಮೇಲೆ ಸಹಾಯಕ್ಕೆ ಓಡಿದೆ ಅಂತ.

ನಮ್ಮ ಮೇಜು ನೆನಪಿದೆಯಾ? ಬಾನ್ಯಾದ ಉಗಿಸ್ನಾನ ಮುಗಿಸಿ ಕೆಂಪಗಾಗಿ ಬಂದು ಎಲ್ಲರೂ ಕೂತಾಗ, ಅಮ್ಮ ಮೀನು ತುಂಬಿ ಬೇಯಿಸಿದ ಪಿರೋಕ್ ಕಡುಬಿನ ಪಕ್ಕದಲ್ಲಿ ನೀನು ತೋಟಾಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದೆ. ಓಹಾಯೋದಿಂದ ಬಂದು ಕರಡಿಯ ಹೆಜ್ಜೆಗೂ ಹಂದಿಯ ಹೆಜ್ಜೆಗೂ ವ್ಯತ್ಯಾಸ ತಿಳಿಯದಿದ್ದ ನಿನಗೆ ಅಪ್ಪ ಕಾಡು ಕಲಿಸಿದ. ನೀನು ಅಪ್ಪನಿಗೆ ವೇಗ, ತೂಕ, ಹೊಡೆತದ ಲೆಕ್ಕ ಹೇಳುತ್ತಿದ್ದೆ. ಅಪ್ಪ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ ಪೂರ್ತಿ ಕೇಳಿಸಿಕೊಂಡು ಹೇಳುತ್ತಿದ್ದ, “ಕರಡಿಗೆ ಓದೋಕೆ ಬರಲ್ಲ ಕಣಪ್ಪ ಅಳಿಯ. ತೋಟಾ ಮೇಲೆ ಏನು ಬರ್ದಿದೆ ಅಂತ ಅದು ನೋಡಲ್ಲ. ಎಲ್ಲಿ ಬಿತ್ತು ಅಂತಷ್ಟೇ ನೋಡುತ್ತೆ.” ನಾವೆಲ್ಲ ನಗುತ್ತಿದ್ದೆವು. ನೀನೂ ನಗುತ್ತಿದ್ದೆ, ಆದರೆ ನಿನ್ನ ಕಿವಿ ಕೆಂಪಾಗುತ್ತಿತ್ತು.

ಅಪ್ಪ ಸತ್ತ ವರ್ಷದ ವಸಂತದಲ್ಲಿ ನಿನ್ನ ಹೊಸ ಕೋವಿ, ನಾನೂರ ಹದಿನಾರು, ಬಂತು. ನೀನು ಬಂದರಿನ ಆಚೆ ದಡದಲ್ಲಿ ಗುರಿ ಇಟ್ಟು ಹೊಡೆದೆ. ಮೊದಲ ಗುಂಡು ನಡುವಿಗೇ ಬಿತ್ತು. ಆಮೇಲಿನವು ಕೆಳಗೆ, ಬಲಕ್ಕೆ, ಇನ್ನೂ ಕೆಳಗೆ. ಮುನ್ನೂರ ಮೂವತ್ತೆಂಟರ ಎರಡರಷ್ಟು ಒದೆಯುವ ಕೋವಿ ಅದು; ಯಾರ ಭುಜಕ್ಕಾದರೂ ಭಯ ಹುಟ್ಟುತ್ತದೆ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇರಲಿಲ್ಲ. ಅಪ್ಪ ನಿನಗೆ ಗೊತ್ತಾಗದಂತೆ ಒಂದು ಖಾಲಿ ತೋಟಾ ತುಂಬಿ ಕೊಟ್ಟ. ಟಿಕ್ ಎಂದಿತು, ಅಷ್ಟೇ. ಒದೆತವೇ ಇಲ್ಲದಿದ್ದರೂ ನಳಿಗೆ ನೆಲಕ್ಕೆ ಕುಕ್ಕಿತು, ನಿನ್ನ ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ಅಪ್ಪ ನಕ್ಕು ಅಂದ, “ನಿನ್ನ ಭುಜ ಹೆದರಿಬಿಟ್ಟಿದೆ ಅಳಿಯ. ಹೆದರಿದೋನ ಕೈಲಿ ಫಿರಂಗಿ ಕೊಟ್ರೂ ಅಷ್ಟೇ. ನನ್ನದನ್ನ ತಗೊಂಡು ಹೋಗು.” ನೀನು ತಗೊಳ್ಳಲಿಲ್ಲ. ಆ ದಿನದ ನಗುವನ್ನು ನೀನು ಅಪ್ಪನಿಗೆ ಯಾವತ್ತೂ ಮಾಫಿ ಮಾಡಲಿಲ್ಲ ಅಂತ ನನಗೆ ಈಗ ಅನ್ನಿಸುತ್ತದೆ.

ಲೇಖನದಲ್ಲಿ ಇಲ್ಲದ್ದನ್ನು ಈಗ ಬರೆಯುತ್ತೇನೆ. ಅಪ್ಪ ಸತ್ತ ದಿನ ನಾನು ದೋಣಿಯ ಹತ್ತಿರ ಇದ್ದೆ, ಇಳಿತ ಶುರುವಾಗಿತ್ತು, ದೋಣಿ ಒಣನೆಲಕ್ಕೆ ಕೂರದಂತೆ ನೋಡಿಕೊಳ್ಳಬೇಕಿತ್ತು. ಬಿಸಿಲು ಇನ್ನೂ ಇಳಿಜಾರಿನ ಮೇಲಿತ್ತು. ದುರ್ಬೀನಿನಲ್ಲಿ ನಿಮ್ಮಿಬ್ಬರನ್ನೂ ನೋಡುತ್ತಿದ್ದೆ, ಕರಡಿಯನ್ನೂ. ಅಪ್ಪ ನಿನ್ನ ತೋಳು ಹಿಡಿದು ತಡೆದ. ಅದು ಇನ್ನೂ ಹತ್ತಿರ ಬರಲಿ ಅಂದಿರಬೇಕು. ನೀನು ಕಾಯದೆ ಹೊಡೆದೆ. ಕರಡಿ ಸುತ್ತಿ ತಿರುಗಿ ತನ್ನ ತೊಡೆಯನ್ನೇ ಕಚ್ಚಿಕೊಂಡಿತು. ಗುಂಡು ಎಲ್ಲಿ ಬಿತ್ತು ಅಂತ ಅದು ನಮಗೆಲ್ಲ ಹೇಳಿತು. ಆಮೇಲೆ ಆಲ್ಡರ್ ಒಳಗೆ ಹೋಯಿತು.

ಗಾಯಗೊಂಡದ್ದನ್ನು ಬಿಟ್ಟು ಬರುವುದು ನಮ್ಮಲ್ಲಿಲ್ಲ. ಮಾರನೇ ದಿನ ಹಣ್ಣು ಕೀಳಲು ಬರುವ ಯಾರದೋ ಮೇಲೆ ಅದು ಬೀಳುತ್ತದೆ. ಅಪ್ಪ ಒಳಗೆ ಹೋದ. ಪೊದೆಯ ಬಾಯಲ್ಲಿ ನೀನು ನಿಲ್ಲಬೇಕಿತ್ತು. ಒಳಗಿರುವವನ ಬೆನ್ನಿಗೆ ಇರುವುದು ಅದೊಂದೇ ಕೋವಿ.

ನೀನು ದಡಕ್ಕೆ ಓಡಿ ಬಂದೆ. ರೇಡಿಯೋ ಬೇಕು ಅಂದೆ. ಯಾಕೆ, ಏನಾಯಿತು ಅಂತ ನಾನು ನಿನ್ನ ಕೋಟಿನ ತೋಳು ಹಿಡಿದು ಕೇಳುತ್ತಿದ್ದಾಗಲೇ ಅಪ್ಪನ ಕೋವಿ ಸಿಡಿಯಿತು. ಒಂದು. ಮತ್ತೊಂದು. ಆ ಸದ್ದು ಕೇಳಿದಾಗ ನನ್ನ ಬೆರಳು ನಿನ್ನ ತೋಳಿನ ಮೇಲಿತ್ತು, ವೇಡ್. ಅದನ್ನು ಯಾವ ಪತ್ರಿಕೆಯೂ ಅಳಿಸಲಾರದು.

ನಾವು ಹೋಗುವಷ್ಟರಲ್ಲಿ ಅಪ್ಪನೂ ಸತ್ತಿದ್ದ, ಕರಡಿಯೂ ಸತ್ತಿತ್ತು, ಒಬ್ಬರ ಮೇಲೊಬ್ಬರು ಬಿದ್ದು. ಪೊಲೀಸರು ಬಂದು ಹೋದ ಮೇಲೆ ಕಾಯಿದೆ ಪ್ರಕಾರ ಯಾರಾದರೂ ಆ ಕರಡಿಯ ಚರ್ಮ ಸುಲಿಯಲೇಬೇಕಿತ್ತು. ನೀನು ಚಾಕು ನನ್ನ ಕೈಗಿಟ್ಟೆ. ಅಪ್ಪನನ್ನು ಕೊಂದ ಪ್ರಾಣಿಯನ್ನು ನಾನೇ ಸುಲಿದೆ. ಅಪ್ಪನ ಒಂದು ಗುಂಡು ಭುಜ ಮುರಿದಿತ್ತು, ಇನ್ನೊಂದು ಹೃದಯವನ್ನು ಸೀಳಿ ಆಚೆ ಚರ್ಮದಡಿ ನಿಂತಿತ್ತು. ಮುನ್ನೂರ ಮೂವತ್ತೆಂಟು ತಾನು ಮಾಡಬೇಕಾದದ್ದನ್ನೆಲ್ಲ ಮಾಡಿತ್ತು. ಹೃದಯ ಸೀಳಿದ ಮೇಲೂ ಕರಡಿ ನಾಲ್ಕು ಹೆಜ್ಜೆ ಬರುತ್ತದೆ, ಎಷ್ಟು ದೊಡ್ಡ ತೋಟಾ ಆದರೂ. ಆ ನಾಲ್ಕು ಹೆಜ್ಜೆಯ ಹೊತ್ತಿಗೇ ಎರಡನೇ ಕೋವಿ ಬೇಕಿರುವುದು.

ನಿನ್ನದು ತೊಡೆಯೆಲುಬಿನಲ್ಲಿತ್ತು. ಅಣಬೆಯಂತೆ ಚೆಂದವಾಗಿ ಅರಳಿತ್ತು. ನೀನು ಕೇಳಿ ಇಸಕೊಂಡೆ, ನಾನು ಯೋಚಿಸದೆ ಕೊಟ್ಟೆ. ಅದೇ ಗುಂಡಿನ ಫೋಟೋ ಈಗ ನಿನ್ನ ಲೇಖನದಲ್ಲಿದೆ: ‘ಕರಡಿಯನ್ನು ನಿಲ್ಲಿಸಿದ ಗುಂಡು.’

ಒಂದು ಮಾತು ನಂಬು. ಓಡಿದ್ದಕ್ಕೆ ನಾನು ನಿನ್ನನ್ನು ಮನೆಯಿಂದ ಕಳಿಸಲಿಲ್ಲ. ಕಾಲು ಯಾರ ಮಾತೂ ಕೇಳದ ಗಳಿಗೆ ಇರುತ್ತದೆ, ನನ್ನದೂ ಹಾಗೇ ಮಾಡುತ್ತಿತ್ತೇನೋ. ಅಪ್ಪ ಸತ್ತ ನಲವತ್ತನೇ ದಿನದ ಊಟಕ್ಕೆ ನೆಂಟರೆಲ್ಲ ಕೂತಿದ್ದಾಗ ನೀನು ನಿಟ್ಟುಸಿರಿಟ್ಟು, ಮಾವನ ಕೋವಿ ಚಿಕ್ಕದಾಯ್ತು, ಎಷ್ಟು ಹೇಳಿದರೂ ಕೇಳಲಿಲ್ಲ ಅಂದೆ. ಎಲ್ಲರೂ ತಲೆಯಾಡಿಸಿದರು. ಅಪ್ಪನ ತಟ್ಟೆ ಮೇಜಿನ ತುದಿಯಲ್ಲಿ ಇನ್ನೂ ಇಟ್ಟಿತ್ತು. ನಿನ್ನ ಬಟ್ಟೆ ಕಟ್ಟಿಟ್ಟದ್ದು ಅದಕ್ಕೆ. ಸತ್ತವನ ಮೇಲೆ ಹೊರೆ ಹೊರಿಸಿದ್ದಕ್ಕೆ.

ಈಗ ಅಕ್ಟೋಬರಿನಲ್ಲಿ ವಸ್ಸಾಳನ್ನು ಕಂದು ಕರಡಿಗೆ ಕರೆದೊಯ್ಯುತ್ತೀಯಂತೆ. ಹುಟ್ಟುಹಬ್ಬಕ್ಕೆ ಕೋವಿ ಕಳಿಸಿದ್ದೀಯ, ಅದೂ ನಾನೂರ ಹದಿನಾರು. ಅವಳ ಭುಜ ನೇರಳೆಯಾಗಿದೆ. ಅಂಗಿಯ ಒಳಗೆ ಟವೆಲ್ ಮಡಿಸಿಟ್ಟುಕೊಂಡು ಹೊಡೆಯುತ್ತಾಳೆ, ಒಂದು ದಿನವೂ ನೋವು ಅಂದಿಲ್ಲ. ನೀನು ಮೆಚ್ಚಬೇಕು ಅಂತ. ಹೋದ ಭಾನುವಾರ ಇಗರ್ಜಿ ಮುಗಿದ ಮೇಲೆ ನಾನೂ ದಡಕ್ಕೆ ಹೋದೆ. ಅಪ್ಪ ನಿನಗೆ ಮಾಡಿದ್ದನ್ನೇ ಮಾಡಿದೆ, ಖಾಲಿ ತೋಟಾ ತುಂಬಿ ಕೊಟ್ಟೆ. ಟಿಕ್ ಎಂದಿತು. ನಳಿಗೆ ಕುಕ್ಕಿತು. ಅವಳ ಕಣ್ಣು ಮುಚ್ಚಿತ್ತು.

ನನ್ನದನ್ನ ತಗೊಂಡು ಹೋಗು ಅಂದೆ, ಅದು ಮುನ್ನೂರ ಮೂವತ್ತೆಂಟೇ. ಅವಳು ಹೇಳಿದ್ದು ಏನು ಗೊತ್ತಾ? “ಬೇಡಮ್ಮ. ಆ ತೋಟಾ ನಂಬ್ಕೊಂಡೇ ತಾತ ಹೋಗಿದ್ದು.”

ಅಕ್ಟೋಬರಿನಲ್ಲಿ ಎಲ್ಲೋ ಒಂದು ಪೊದೆಯೊಳಗೆ ನನ್ನ ಮಗಳು ಕಣ್ಣು ಮುಚ್ಚಿ ಕರಡಿಯ ತೊಡೆಗೆ ಹೊಡೆಯುತ್ತಾಳೆ. ಪೊದೆಯ ಬಾಯಲ್ಲಿ ನಿಂತಿರುವವನು ನೀನು. ಈ ಎರಡು ಸಾಲು ಬರೆದು ಎದ್ದು ಹೋಗಿ ಸುಮ್ಮನೆ ಪಾತ್ರೆ ತೊಳೆದು ಬಂದೆ.

ಪತ್ರಿಕೆಗೆ ತಿದ್ದುಪಡಿ ಬರಿ ಅಂತ ನಾನು ಕೇಳುವುದಿಲ್ಲ. ನಿನ್ನ ಓದುಗರು ಯಾವ ತೋಟಾ ಬೇಕಾದರೂ ಕೊಳ್ಳಲಿ. ಅವಳೊಬ್ಬಳಿಗೆ ಹೇಳು, ಬೇಟೆಗೆ ಹೋಗುವ ಮುಂಚೆ, ನಿನ್ನ ಬಾಯಿಂದ. ನಾನು ಹೇಳಿದರೆ ಗಂಡ ಬಿಟ್ಟವಳ ಹೊಟ್ಟೆಉರಿ ಅನ್ನಿಸುತ್ತದೆ. ಒಂಬತ್ತು ವರ್ಷ ಅದಕ್ಕೇ ಹೆದರಿ ಸುಮ್ಮನಿದ್ದೆ. ನೀನು ಹೇಳಿದರೆ ಅವಳು ನಂಬುತ್ತಾಳೆ. ಆಮೇಲೆ ನಿನ್ನನ್ನು ದ್ವೇಷಿಸಬಹುದು. ದ್ವೇಷಿಸಲಿ. ಬದುಕಿದ್ದು ದ್ವೇಷಿಸಲಿ.

ಉತ್ತರ ಬೇಡ.

ಗೆರಾಸಿಮ್‌ನ ಮಗಳು,
ಥೆಕ್ಲಾ

ಕೊನೆಗೊಂದು ಮಾತು: ಈ ಪತ್ರ ಅಂಚೆ ವಿಮಾನದಲ್ಲಿ ಬರುವುದಿಲ್ಲ. ಲಕೋಟೆ ಹುಡುಕಲು ನಾನು ಒಳಗೆ ಹೋಗಿದ್ದಾಗ ವಸ್ಸಾ ಬಂದು, ಮೇಜಿನ ಮೇಲಿದ್ದದ್ದನ್ನು ನಿಂತುಕೊಂಡೇ ಓದಿ ಮುಗಿಸಿದಳು. ನಾನು ಬರೆದದ್ದನ್ನು ನಂಬಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಶನಿವಾರ ನಿನ್ನ ಮನೆಗೆ ಬರುತ್ತಾಳೆ, ಇದನ್ನು ತಾನೇ ನಿನ್ನ ಕೈಗೆ ಕೊಡುತ್ತಾಳಂತೆ. ನೀನು ಓದುವಷ್ಟು ಹೊತ್ತೂ ಎದುರಿಗೆ ಕೂತು ನಿನ್ನ ಮುಖ ನೋಡಬೇಕಂತೆ. ಈಗ ತಲೆ ಎತ್ತು.